ಹಳೆಯ ಸೈಕಲ್ ರಿಮ್: ಬಿರುಕು ಯಾವುದು, ಬರೀ ಗೆರೆ ಯಾವುದು?

ಬಳ್ಳಾರಿ, ರಾಯಚೂರು, ಕೊಪ್ಪಳದ ಗುಜರಿ ಅಂಗಡಿಗಳಲ್ಲಿ, ಹಳೇ ಮನೆಗಳ ಅಟ್ಟದ ಮೇಲೆ, ಬಾಗಿಲು ಮುಚ್ಚಿದ ಸೈಕಲ್ ಶಾಪ್‌ಗಳ ಹಿಂದಿನ ಕೋಣೆಯಲ್ಲಿ ಇನ್ನೂ ಒಳ್ಳೊಳ್ಳೆ ರಿಮ್‌ಗಳು ಸಿಗುತ್ತವೆ. ಅಸಾನ್ಸೋಲ್‌ನ ಸೆನ್-ರ‍್ಯಾಲಿ, ಮದ್ರಾಸಿನ ಹರ್ಕ್ಯುಲಿಸ್, ಸೋನಿಪತ್‌ನ ಅಟ್ಲಾಸ್, ಲುಧಿಯಾನದ ಹೀರೋ ಸೈಕಲ್‌ಗಳ ರಿಮ್‌ಗಳು. ಅಪರೂಪಕ್ಕೆ ವಿದೇಶಿ ರೇಸಿಂಗ್ ಸೈಕಲ್‌ನ ಅಲ್ಯೂಮಿನಿಯಂ ರಿಮ್ ಕೂಡ ಕೈಗೆ ಬರುತ್ತದೆ. ಇಂಥ ರಿಮ್ ತಂದು ಮತ್ತೆ ಓಡಿಸಬೇಕು ಅನ್ನುವವರಿಗಾಗಿ ಈ ಬರಹ.

ಫ್ರೇಮ್‌ಗೆ ತುಕ್ಕು ಹಿಡಿದಿದ್ದರೆ ಕಣ್ಣಿಗೆ ಕಾಣುತ್ತದೆ. ಹಬ್ ಸವೆದಿದ್ದರೆ ಗಾಲಿ ಅಲ್ಲಾಡಿಸಿದಾಗ ಕೈಗೆ ಗೊತ್ತಾಗುತ್ತದೆ. ರಿಮ್‌ನ ಬಿರುಕು ಹಾಗೆ ಸಿಗುವುದಿಲ್ಲ. ಟೈರ್, ಟ್ಯೂಬಿನ ಅಡಿಗೆ ರಿಮ್ ಸುತ್ತ ಹಾಕುವ ಟೇಪ್, ತುಕ್ಕು, ಪೇಂಟ್, ಇವುಗಳ ಅಡಿಯಲ್ಲಿ ಅದು ವರ್ಷಗಟ್ಟಲೆ ಅಡಗಿರಬಹುದು. ಇನ್ನೊಂದು ಕಡೆ, ಬಿರುಕೇ ಅಲ್ಲದ ಗೆರೆ ನೋಡಿ ಹೆದರಿ ಒಳ್ಳೇ ರಿಮ್ಮನ್ನು ತೂಕಕ್ಕೆ ಹಾಕುವವರೂ ಇದ್ದಾರೆ. ಎರಡೂ ನಷ್ಟವೇ. ಹಳೆಯ ರಿಮ್ ಅಂದ ಮೇಲೆ ಮೈ ತುಂಬ ಗೆರೆ ಇದ್ದೇ ಇರುತ್ತದೆ. ಆದ್ದರಿಂದ ಗೆರೆ ಇದೆಯಾ ಅಂತ ನೋಡಿದರೆ ಸಾಲದು. ಆ ಗೆರೆ ಎಲ್ಲಿ ಹುಟ್ಟಿದೆ, ಯಾವ ಕಡೆ ಓಡಿದೆ, ಲೋಹದೊಳಗೆ ಇಳಿದಿದೆಯಾ, ಈ ಮೂರನ್ನು ಕೇಳಬೇಕು.

ಮೊದಲು ಆಯಸ್ಕಾಂತ ಹಿಡಿಯಿರಿ

ಅಂಟಿದರೆ ಉಕ್ಕು, ಅಂಟದಿದ್ದರೆ ಅಲ್ಯೂಮಿನಿಯಂ. ಎರಡೂ ಸೀಳುವ ರೀತಿ ಬೇರೆ. ಹಾಗಾಗಿ ಇದು ತಿಳಿಯದೆ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ.

ನಮ್ಮ ದೊಡ್ಡ ಕರಿ ಸೈಕಲ್‌ಗಳ ರಿಮ್ ಕ್ರೋಮ್ ಲೇಪಿಸಿದ ಉಕ್ಕಿನದು. 28 x 1½ ಅಳತೆ, ಅಂದರೆ ಟೈರ್ ಕೂರುವ ಜಾಗದ ವ್ಯಾಸ 635 ಮಿ.ಮೀ. ರಾಡ್ ಬ್ರೇಕ್ ಇರುವ ಸೈಕಲ್‌ಗಳಲ್ಲಿ ಇದು ವೆಸ್ಟ್‌ವುಡ್ ಮಾದರಿಯ ರಿಮ್. ಬ್ರೇಕ್ ರಬ್ಬರ್ ಪಕ್ಕದಿಂದ ಹಿಡಿಯುವುದಿಲ್ಲ. ಹಬ್ ಕಡೆಯಿಂದ ಮೇಲಕ್ಕೆ ಒತ್ತುತ್ತದೆ. ಮುಂದಿನ ರಿಮ್‌ಗೆ ಸ್ಪೋಕ್ ಕಡ್ಡಿ ಹಾಕುವ 32 ತೂತು, ಹಿಂದಿನದಕ್ಕೆ 40 ತೂತು ಇರುವುದು ಸಾಮಾನ್ಯ. ತೂತು ಎಣಿಸಿದರೆ ಕೈಯಲ್ಲಿರುವುದು ಮುಂದಿನದಾ ಹಿಂದಿನದಾ ಅಂತ ತಿಳಿಯುತ್ತದೆ. ಹಿಂದಿನದಾದರೆ ಎರಡು ಪಟ್ಟು ಹುಷಾರಾಗಿ ನೋಡಿ. ಭಾರ ಹೊತ್ತಿದ್ದು ಅದೇ.

ಅಲ್ಯೂಮಿನಿಯಂ ರಿಮ್‌ಗಳಲ್ಲಿ ಮ್ಯಾವಿಕ್, ವೈನ್‌ಮನ್, ಸೂಪರ್ ಚಾಂಪಿಯನ್, ಅರಾಯ, ರಿಜಿಡಾ ಹೆಸರುಗಳು ಕಾಣಬಹುದು. ಅಳತೆ ಹೆಚ್ಚಾಗಿ 700ಸಿ, ಅಂದರೆ 622 ಮಿ.ಮೀ., ಇಲ್ಲವೇ 27 ಇಂಚಿನದು, ಅಂದರೆ 630 ಮಿ.ಮೀ. ನಮ್ಮ 28 ಇಂಚಿನ ಟೈರ್ ಇವುಗಳ ಮೇಲೆ ಕೂರುವುದಿಲ್ಲ. ಕೊಳ್ಳುವ ಮೊದಲೇ ಇದನ್ನು ನೆನಪಿಡಿ.

ಬಿರುಕು ಹುಟ್ಟುವುದು ಹೇಗೆ

ಸ್ಪೋಕ್ ಕಡ್ಡಿಗಳು ರಿಮ್ಮನ್ನು ಸದಾ ಹಬ್ ಕಡೆಗೆ ಎಳೆಯುತ್ತಿರುತ್ತವೆ. ಗಾಲಿ ಉರುಳುವಾಗ ನೆಲದ ಹತ್ತಿರ ಬಂದ ಕಡ್ಡಿಯ ಬಿಗಿ ಸ್ವಲ್ಪ ಸಡಿಲವಾಗುತ್ತದೆ. ಮೇಲೆ ಹೋದಾಗ ಮತ್ತೆ ಬಿಗಿಯಾಗುತ್ತದೆ. 28 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಅಂದರೆ ಪ್ರತಿ ಕಿಲೋಮೀಟರ್‌ಗೆ ಒಂದೊಂದು ತೂತಿನ ಸುತ್ತಲಿನ ಲೋಹವೂ ಸುಮಾರು 450 ಸಲ ಎಳೆತ-ಸಡಿಲ ಅನುಭವಿಸುತ್ತದೆ. ವರ್ಷಾನುಗಟ್ಟಲೆ ಹೀಗಾದಾಗ ಲೋಹ ದಣಿಯುತ್ತದೆ. ತೂತಿನ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಬಿಡುತ್ತದೆ. ಬಿದ್ದು ಒಡೆದದ್ದಕ್ಕಿಂತ ಹೀಗೆ ದಣಿದು ಸೀಳಿದ ರಿಮ್‌ಗಳೇ ಜಾಸ್ತಿ.

ನಮ್ಮ ಕಡೆ ಇದಕ್ಕೆ ಇನ್ನೆರಡು ಕಾರಣ ಸೇರಿಕೊಳ್ಳುತ್ತವೆ. ಒಂದು, ಭಾರ. ಗಂಗಾವತಿ, ಕಾರಟಗಿ, ಸಿಂಧನೂರಿನ ಭತ್ತದ ಸೀಮೆಯಲ್ಲಿ ಸೈಕಲ್ ಎಂದರೆ ಚೀಲ ಹೊರುವ ಗಾಡಿಯೂ ಆಗಿತ್ತು. ಭತ್ತ, ಗೊಬ್ಬರ, ಹಾಲಿನ ಕ್ಯಾನ್, ಎಲ್ಲಾ ಹಿಂದಿನ ಕ್ಯಾರಿಯರ್ ಮೇಲೆ. ಎರಡು, ತೇವ. ಎರೆಮಣ್ಣು ಒಮ್ಮೆ ರಿಮ್‌ಗೆ ಮೆತ್ತಿಕೊಂಡರೆ ಬೇಗ ಬಿಡುವುದಿಲ್ಲ, ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಗೊಬ್ಬರದ ಉಪ್ಪು ಸೇರಿದರೆ ತುಕ್ಕು ಇನ್ನೂ ವೇಗವಾಗಿ ತಿನ್ನುತ್ತದೆ. ಉಕ್ಕಿನ ರಿಮ್ ಹೊರಗೆ ಹೊಳೆಯುತ್ತಿದ್ದರೂ ಟೇಪಿನ ಅಡಿಯಲ್ಲಿ ಅರ್ಧ ಸವೆದಿರುವುದು ಇದರಿಂದಲೇ. ತೆಳುವಾದ ತಗಡಿನಲ್ಲಿ ಬಿರುಕು ಬೇಗ ಬರುತ್ತದೆ.

ತೊಳೆಯಿರಿ, ಉಜ್ಜಬೇಡಿ

ಬೇಕಾಗುವುದು ಇಷ್ಟೇ: ಒಳ್ಳೆಯ ಟಾರ್ಚ್, ವಾಚ್ ರಿಪೇರಿಯವರು ಬಳಸುವಂಥ 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಹಳೇ ಹಲ್ಲುಜ್ಜುವ ಬ್ರಷ್, ಸೀಮೆಎಣ್ಣೆ, ಹತ್ತಿ, ಮಾರ್ಕರ್ ಪೆನ್, ಸ್ಪೋಕ್ ಕೀ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ನಡೆಯುತ್ತದೆ.

ಟೈರ್, ಟ್ಯೂಬ್, ಟೇಪ್ ಮೂರನ್ನೂ ತೆಗೆಯಿರಿ. ಇದನ್ನು ತಪ್ಪಿಸಿಕೊಂಡು ಮಾಡಿದ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ಟೇಪ್ ತೆಗೆದ ಕೂಡಲೇ, ತೊಳೆಯುವ ಮೊದಲು ಒಂದು ಸಲ ನೋಡಿ. ಯಾವುದಾದರೂ ತೂತಿನ ಹತ್ತಿರ ಕಂದು ಬಣ್ಣದ ಸಣ್ಣ ಹರಿವು ಇದೆಯಾ? ಬಿರುಕಿನೊಳಗೆ ಹೋದ ನೀರು ತುಕ್ಕು ಹೊತ್ತುಕೊಂಡು ಹೊರಬಂದ ಗುರುತು ಅದು. ತೊಳೆದರೆ ಹೋಗಿಬಿಡುತ್ತದೆ. ಮಾರ್ಕರ್‌ನಿಂದ ಆ ತೂತಿಗೆ ಗುರುತು ಹಾಕಿ, ಆಮೇಲೆ ಬ್ರಷ್ ಮತ್ತು ಸೀಮೆಎಣ್ಣೆ ಹಿಡಿಯಿರಿ. ಕೊನೆಗೆ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ.

ಎಮರಿ ಪೇಪರ್, ತಂತಿಯ ಬ್ರಷ್, ಗ್ರೈಂಡರ್ ಚಕ್ರ ಈಗ ಮುಟ್ಟಬೇಡಿ. ಅಲ್ಯೂಮಿನಿಯಂ ಮೆತ್ತನೆಯ ಲೋಹ. ಜೋರಾಗಿ ಉಜ್ಜಿದರೆ ಮೇಲ್ಪದರ ಸವರಿಕೊಂಡು ಬಿರುಕಿನ ಬಾಯಿಯನ್ನೇ ಮುಚ್ಚಿಬಿಡುತ್ತದೆ. ಬಿರುಕು ಒಳಗೆ ಹಾಗೇ ಇರುತ್ತದೆ, ಕಣ್ಣಿಗೂ ಕಾಣುವುದಿಲ್ಲ, ಮುಂದೆ ಹೇಳುವ ಬಣ್ಣದ ಪರೀಕ್ಷೆಗೂ ಸಿಗುವುದಿಲ್ಲ. ಅಂಗಡಿಯವರು "ಪಾಲಿಶ್ ಮಾಡಿಸಿ ಇಟ್ಟಿದ್ದೀನಿ ನೋಡಿ" ಅಂದರೆ ನನಗೆ ಖುಷಿಗಿಂತ ಅನುಮಾನವೇ ಮೊದಲು ಬರುವುದು. ಹೊಸದಾಗಿ ಬಳಿದ ಸಿಲ್ವರ್ ಪೇಂಟ್ ಕಂಡರೂ ಅಷ್ಟೇ.

ಕಡ್ಡಿಯ ತೂತುಗಳು

ವಾಲ್ ತೂತಿನಿಂದ ಶುರು ಮಾಡಿ, ಒಂದು ದಿಕ್ಕಿನಲ್ಲಿ, ಒಂದೂ ಬಿಡದೆ ನೋಡುತ್ತಾ ಹೋಗಿ. ಟಾರ್ಚನ್ನು ನೇರವಾಗಿ ಹಿಡಿಯಬೇಡಿ. ರಿಮ್‌ಗೆ ಬಹುತೇಕ ತಾಗುವ ಹಾಗೆ ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ನೇರ ಬೆಳಕಲ್ಲಿ ಬಿರುಕು ಕಾಣೆಯಾಗುತ್ತದೆ. ಓರೆ ಬೆಳಕಲ್ಲಿ ಅದರ ಅಂಚು ನೆರಳು ಹಾಕುತ್ತದೆ. ಟಾರ್ಚ್ ಅತ್ತಿತ್ತ ಆಡಿಸಿ. ಗೀರು ಒಂದು ಕೋನದಲ್ಲಿ ಮಿಂಚುತ್ತದೆ. ಬಿರುಕು ಬೆಳಕು ಎತ್ತ ಹೋದರೂ ಕಪ್ಪಾಗಿಯೇ ಉಳಿಯುತ್ತದೆ.

ಅಲ್ಯೂಮಿನಿಯಂ ರಿಮ್ಮನ್ನು ಅಚ್ಚಿನಿಂದ ಉದ್ದಕ್ಕೆ ಎಳೆದು, ಆಮೇಲೆ ದುಂಡಗೆ ಬಗ್ಗಿಸಿ ಮಾಡುತ್ತಾರೆ. ಹಾಗಾಗಿ ಲೋಹದ ಎಳೆ ಸುತ್ತಳತೆಯ ಉದ್ದಕ್ಕೇ ಓಡುತ್ತದೆ. ಬಿರುಕು ಕೂಡ ಅದೇ ದಾರಿ ಹಿಡಿಯುತ್ತದೆ. ತೂತಿನ ಎಡ ಅಂಚಿನಿಂದ ಒಂದು, ಬಲ ಅಂಚಿನಿಂದ ಒಂದು, ಪಕ್ಕದ ತೂತುಗಳ ಕಡೆ ಹೊರಟ ಸಣ್ಣ ಗೆರೆಗಳು ಕಂಡರೆ ಅದು ಬಿರುಕು ಎನ್ನುವುದಕ್ಕೆ ಬಲವಾದ ಸಾಕ್ಷಿ. ಗೇರ್ ಇದ್ದ ಹಿಂದಿನ ಗಾಲಿಯಲ್ಲಿ ಚೈನ್ ಕಡೆಯ ಕಡ್ಡಿಗಳ ಬಿಗಿ ಹೆಚ್ಚು. ಆ ಸಾಲಿನ ತೂತುಗಳನ್ನು ಎರಡು ಸಲ ನೋಡಿ.

ಐಲೆಟ್ ಇರುವ ರಿಮ್‌ಗಳು ಮೋಸ ಮಾಡುತ್ತವೆ. ತೂತಿನ ಅಂಚನ್ನು ಉಂಗುರ ಮುಚ್ಚಿರುವುದರಿಂದ ಬಿರುಕು ಅದರ ಅಡಿಯಲ್ಲಿ ಹುಟ್ಟಿ, ಉಂಗುರ ದಾಟಿ ಬಂದ ಮೇಲೆಯೇ ಕಾಣುತ್ತದೆ. ಅದಕ್ಕೆ ಮೊದಲೇ ಗೊತ್ತಾಗಬೇಕಾದರೆ ಉಬ್ಬು ನೋಡಿ. ಸ್ಟೀಲ್ ಸ್ಕೇಲ್‌ನ ಅಂಚನ್ನು ತೂತುಗಳ ಪಕ್ಕದಲ್ಲಿ ಇಟ್ಟು ಬೆಳಕಿಗೆ ಹಿಡಿಯಿರಿ. ಒಂದು ಐಲೆಟ್ ಸುತ್ತ ಮಾತ್ರ ಲೋಹ ಹಬ್ ಕಡೆಗೆ ಎದ್ದಿದ್ದರೆ ಕಡ್ಡಿ ಅದನ್ನು ಕಿತ್ತುಕೊಂಡು ಬರುತ್ತಿದೆ ಎಂದರ್ಥ.

ಉಕ್ಕಿನ ರಿಮ್‌ನಲ್ಲಿ ತೂತಿನ ಸುತ್ತ ನಿಪ್ಪಲ್, ಅಂದರೆ ಕಡ್ಡಿಯ ತುದಿಯನ್ನು ಬಿಗಿಯುವ ಸಣ್ಣ ನಟ್, ಕೂರಲು ಸಣ್ಣ ತಗ್ಗು ಒತ್ತಿರುತ್ತಾರೆ. ಇಲ್ಲಿ ಬಿರುಕು ಉದ್ದಕ್ಕೆ ಓಡುವ ಬದಲು ಆ ತಗ್ಗಿನ ಅಂಚು ಹಿಡಿದು ಬಿಲ್ಲಿನ ಆಕಾರದಲ್ಲಿ ಬಗ್ಗುವುದುಂಟು. ತಗ್ಗು ಬೇರೆಯವುಗಳಿಗಿಂತ ಆಳವಾಗಿದ್ದರೆ, ನಿಪ್ಪಲ್ ತಲೆ ಅರ್ಧ ಮುಳುಗಿದ್ದರೆ, ಅಲ್ಲಿ ತಗಡು ಸೋತಿದೆ. ಟೇಪಿನ ಕಡೆಯಿಂದ ಮೊಂಡು ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿ. ತುಕ್ಕು ಪದರ ಪದರವಾಗಿ ಕಿತ್ತುಬಂದರೆ ಬಿರುಕು ಹುಡುಕುವ ಅಗತ್ಯವೇ ಇಲ್ಲ, ಆ ರಿಮ್ ಮುಗಿದಿದೆ.

ಇನ್ನೊಂದು ಉಪಾಯ. ಕಡ್ಡಿಗಳು ಇನ್ನೂ ಬಿಗಿಯಾಗಿರುವಾಗಲೇ ಒಂದು ಸುತ್ತು ನೋಡಿ. ಎಳೆತದಲ್ಲಿ ಬಿರುಕು ಬಾಯಿ ತೆರೆದಿರುತ್ತದೆ. ಕಡ್ಡಿ ಸಡಿಲಿಸಿದರೆ ಮುಚ್ಚಿಕೊಳ್ಳುತ್ತದೆ. ಆಮೇಲೆ ನಿಪ್ಪಲ್ ಬಿಚ್ಚಿ ಅದರ ಅಡಿಯ ಜಾಗ ನೋಡಿ.

ಉಳಿದ ಜಾಗಗಳು

ವಾಲ್ ತೂತು: ರೇಸಿಂಗ್ ರಿಮ್‌ಗಳಲ್ಲಿ ಪ್ರೆಸ್ಟಾ ವಾಲ್‌ಗೆ ಸುಮಾರು 6.5 ಮಿ.ಮೀ. ತೂತು ಇರುತ್ತದೆ. ನಮ್ಮ ಟ್ಯೂಬ್ ಹಾಕಲು ಅದನ್ನು ಡ್ರಿಲ್ ಹೊಡೆದು 8 ಮಿ.ಮೀ.ಗೆ ಹಿಗ್ಗಿಸಿರುವುದುಂಟು. ಅಂಚು ನಯ ಮಾಡದೆ ಬಿಟ್ಟಿದ್ದರೆ ಆ ಮುಳ್ಳಿನಂಥ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ.

ಅಂಚು, ಅಂದರೆ ಟೈರ್ ಕಚ್ಚಿಕೊಳ್ಳುವ ತುಟಿ: ತಗ್ಗಿಗೆ ಬಿದ್ದು ಚಪ್ಪಟೆಯಾದ ತುಟಿಯನ್ನು ಸುತ್ತಿಗೆ, ಇಕ್ಕಳದಿಂದ ಎತ್ತಿ ಸರಿಮಾಡಿರುತ್ತಾರೆ. ಒಮ್ಮೆ ಬಗ್ಗಿ ಮತ್ತೆ ನೆಟ್ಟಗಾದ ಅಲ್ಯೂಮಿನಿಯಂ ಅಲ್ಲೇ ಸೀಳಿರಬಹುದು. ಬೆರಳನ್ನು ತುಟಿಯ ಸುತ್ತ ಓಡಿಸಿ. ಏರಿಳಿತ ಸಿಕ್ಕಲ್ಲಿ ನಿಂತು ಭೂತಗನ್ನಡಿ ಹಿಡಿಯಿರಿ.

ಬ್ರೇಕ್ ಪಟ್ಟಿ: ಪಕ್ಕದಿಂದ ಹಿಡಿಯುವ ಬ್ರೇಕ್ ಇದ್ದ ಅಲ್ಯೂಮಿನಿಯಂ ರಿಮ್‌ನ ಗೋಡೆ ಸವೆದು ಒಳಕ್ಕೆ ತಗ್ಗಾಗುತ್ತದೆ. ನಮ್ಮ ರಸ್ತೆಯ ಮಣ್ಣು, ಬಳ್ಳಾರಿ-ಸಂಡೂರು ಕಡೆಯ ಅದಿರಿನ ಧೂಳು ರಬ್ಬರಿಗೆ ಅಂಟಿದರೆ ಅದು ಅರದ ಕೆಲಸ ಮಾಡುತ್ತದೆ. ಸ್ಕೇಲ್ ಇಟ್ಟರೆ ತಗ್ಗು ಗೊತ್ತಾಗುತ್ತದೆ. ಗೋಡೆಯ ದಪ್ಪ 1 ಮಿ.ಮೀ.ಗಿಂತ ಕಡಿಮೆ ಅಂತ ಕಂಡರೆ ಬಿರುಕಿಲ್ಲದಿದ್ದರೂ ನಾನು ಅದನ್ನು ಓಡಿಸಲು ಬಿಡುವುದಿಲ್ಲ. ಈ ಗೋಡೆಯಲ್ಲಿ ಸುತ್ತಳತೆಯ ಉದ್ದಕ್ಕೆ ಬಂದ ಗೆರೆ ಅತಿ ಅಪಾಯದ್ದು. ಟೈರಿನ ಗಾಳಿ ಗೋಡೆಯನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಒಂದು ದಿನ ತುಟಿ ಕಿತ್ತು ಟೈರ್ ಹಾರುತ್ತದೆ. ಮುಂದಿನ ಗಾಲಿಯಾದರೆ ಸವಾರ ನೆಲಕ್ಕೆ ಬೀಳುವುದು ಖಂಡಿತ.

ಬಿರುಕಿನ ವೇಷದ ಗೆರೆಗಳು

ವಾಲ್ ತೂತಿನ ಸರಿಯಾಗಿ ಎದುರಿಗೆ, ರಿಮ್‌ಗೆ ಅಡ್ಡಲಾಗಿ, ನೇರವಾಗಿ ಒಂದು ಗೆರೆ ಕಂಡರೆ ಗಾಬರಿ ಬೇಡ. ಅದು ಜಾಯಿಂಟ್. ರಿಮ್ ಒಂದು ಪಟ್ಟಿ, ಅದರ ಎರಡು ತುದಿ ಎಲ್ಲೋ ಸೇರಲೇಬೇಕು ಅಲ್ವಾ? ಹಳೆಯ ಅಲ್ಯೂಮಿನಿಯಂ ರಿಮ್‌ಗಳಲ್ಲಿ ಒಳಗೆ ಪಿನ್ ಅಥವಾ ತುಂಡು ಕೂರಿಸಿ ಸೇರಿಸುತ್ತಿದ್ದರು. ಉಕ್ಕಿನದರಲ್ಲಿ ವೆಲ್ಡ್ ಮಾಡುತ್ತಿದ್ದರು. ಪಿನ್ ಹಾಕಿದ ಜಾಯಿಂಟ್ ಕಡ್ಡಿ ಬಿಚ್ಚಿದಾಗ ಸ್ವಲ್ಪ ತೆರೆದುಕೊಳ್ಳುತ್ತದೆ, ಬಿಗಿ ಮಾಡಿದಾಗ ಮುಚ್ಚಿಕೊಳ್ಳುತ್ತದೆ. ಅದು ಸಹಜ. ಆ ಅಡ್ಡಗೆರೆಯಿಂದ ಕವಲೊಡೆದು ಪಕ್ಕಕ್ಕೆ ಇನ್ನೊಂದು ಗೆರೆ ಹೊರಟಿದ್ದರೆ ಮಾತ್ರ ಚಿಂತೆ ಮಾಡಬೇಕು.

ಕ್ರೋಮ್ ಪದರದ ಬಿರುಕು ಇನ್ನೊಂದು. ಬೇಸಿಗೆಯಲ್ಲಿ ಎರೆಹೊಲ ಬಿರಿದ ಹಾಗೆ, ಎಲ್ಲಾ ದಿಕ್ಕಿಗೂ ಹರಡಿದ ಸಣ್ಣ ಬಲೆ. ಲೇಪನ ಮಾತ್ರ ಒಡೆದಿರುತ್ತದೆ, ಕೆಳಗಿನ ಉಕ್ಕು ಗಟ್ಟಿಯಾಗಿರಬಹುದು. ಬಲೆಯಂತೆ ಇದ್ದರೆ ಲೇಪನ. ಒಂಟಿಯಾಗಿ, ತೂತಿನಿಂದ ಹೊರಟು, ಒಂದೇ ಕಡೆ ಓಡಿದ್ದರೆ ಲೋಹ. ಇದು ಬಹುಪಾಲು ಸರಿಹೋಗುತ್ತದೆ.

ಕಡು ಬೂದು ಬಣ್ಣದ ಹಾರ್ಡ್ ಅನೊಡೈಸ್ಡ್ ರಿಮ್‌ಗಳಲ್ಲಿ ಹೀಗೆ ಸುಲಭವಾಗಿ ಹೇಳಲು ಆಗುವುದಿಲ್ಲ. ಮ್ಯಾವಿಕ್ ಎಂಎ40 ಇದಕ್ಕೆ ಉದಾಹರಣೆ. ಬೆಳ್ಳಿ ಬಣ್ಣದ ಎಂಎ2 ರಿಮ್‌ನ ಅದೇ ರೂಪ, ಮೇಲೆ ಗಟ್ಟಿ ಪದರ. ಆ ಪದರ ಗಡಸು, ಆದರೆ ಬಗ್ಗುವುದಿಲ್ಲ. ಐಲೆಟ್ ಕೂರಿಸಿದ ಜಾಗದಲ್ಲಿ ಸೀಳುತ್ತದೆ. ಇಲ್ಲಿ ಮೇಲ್ಪದರದ ಸೀಳು ಕೆಳಗಿನ ಅಲ್ಯೂಮಿನಿಯಂಗೂ ಇಳಿಯಬಹುದು. ಇಂಥದ್ದನ್ನು "ಬರೀ ಪದರ" ಅಂತ ಬಿಡಬೇಡಿ. ಮುಂದಿನ ಪರೀಕ್ಷೆ ಮಾಡಿಯೇ ತೀರ್ಮಾನಿಸಿ.

ಸೀಮೆಎಣ್ಣೆ ಮತ್ತು ಚಾಕ್

ಹಳೇ ವರ್ಕ್‌ಶಾಪ್‌ಗಳ ಉಪಾಯ. ಖರ್ಚಿಲ್ಲ. ಸೀಮೆಎಣ್ಣೆ ತೆಳುವಾದ ದ್ರವ, ಕೂದಲೆಳೆಯಷ್ಟು ಸಂದಿಗೂ ಇಳಿಯುತ್ತದೆ. ಮೇಲಿನದ್ದನ್ನು ಒರೆಸಿ ಚಾಕ್ ಬಳಿದರೆ ಒಳಗಿದ್ದದ್ದನ್ನು ಚಾಕ್ ಹೀರಿಕೊಂಡು ಗೆರೆ ತೋರಿಸುತ್ತದೆ.

ತೊಳೆದು ಒಣಗಿಸಿದ ರಿಮ್‌ನ ಸಂಶಯದ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ. ಸ್ವಲ್ಪ ಹಳೇ ಎಂಜಿನ್ ಆಯಿಲ್ ಬೆರೆಸಿದರೆ ಗೆರೆ ಕಪ್ಪಾಗಿ ಎದ್ದು ಕಾಣುತ್ತದೆ. ಅರ್ಧ ಗಂಟೆ ಬಿಡಿ. ಒಣಗುತ್ತಾ ಬಂದರೆ ಮತ್ತೆ ಹಚ್ಚಿ. ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಚಾಕ್ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ ತೆಳ್ಳಗೆ ಬಳಿಯಿರಿ. ಸ್ಪಿರಿಟ್ ಆರಿ ಚಾಕ್ ಬಿಳಿಯಾದ ಮೇಲೆ ಕಾಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಚೂಪಾದ ಗೆರೆ ಮೂಡುತ್ತದೆ. ನಿಪ್ಪಲ್ ಮತ್ತು ಐಲೆಟ್ ಸುತ್ತ ದುಂಡಗೆ ಮೂಡುವ ಕಲೆ ಲೆಕ್ಕಕ್ಕಿಲ್ಲ. ಆ ಸಂದಿಯಲ್ಲಿ ಎಣ್ಣೆ ನಿಂತೇ ನಿಲ್ಲುತ್ತದೆ. ಆ ದುಂಡಿನಿಂದ ಹೊರಗೆ ಬಾಲದಂತೆ ಚಾಚಿದ್ದು ಏನಾದರೂ ಇದೆಯಾ ಅನ್ನುವುದನ್ನು ನೋಡಿ.

ಬೆಳಗ್ಗೆ, ನೆರಳಲ್ಲಿ ಮಾಡಿ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಬಿದ್ದ ಲೋಹ ಅದಕ್ಕಿಂತ ಜಾಸ್ತಿ ಕಾಯುತ್ತದೆ. ಎಣ್ಣೆ ಒಳಗಿಳಿಯುವ ಮೊದಲೇ ಒಣಗಿದರೆ ಬಿರುಕಿದ್ದರೂ ಗೆರೆ ಮೂಡದಿರಬಹುದು. ಬೆಂಕಿ, ಬೀಡಿ ಹತ್ತಿರ ಬೇಡ.

ಡಿಪಿ ಟೆಸ್ಟ್

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಡುತಿನಿ ಮತ್ತು ಶಕ್ತಿನಗರದ ವಿದ್ಯುತ್ ಸ್ಥಾವರಗಳಂಥ ಕಡೆ ಕೆಲಸ ಮಾಡಿದ ವೆಲ್ಡರ್, ಫಿಟ್ಟರ್‌ಗಳಿಗೆ ಈ ಹೆಸರು ಹೊಸದಲ್ಲ. ಡಿಪಿ ಅಂದರೆ ಡೈ ಪೆನೆಟ್ರೆಂಟ್, ವೆಲ್ಡಿಂಗ್‌ನಲ್ಲಿ ಬಿರುಕು ಹುಡುಕಲು ಬಳಸುವ ಕೆಂಪು ಬಣ್ಣದ ಪರೀಕ್ಷೆ. ನಿಮ್ಮ ಊರಲ್ಲಿ ಅಂಥವರು ಒಬ್ಬರಾದರೂ ಇರುತ್ತಾರೆ, ಕೇಳಿ ನೋಡಿ. ಕ್ಲೀನರ್, ಕೆಂಪು ಪೆನೆಟ್ರೆಂಟ್, ಬಿಳಿ ಡೆವಲಪರ್ ಎಂದು ಮೂರು ಸ್ಪ್ರೇ ಡಬ್ಬಿ ಬರುತ್ತವೆ. ದೊಡ್ಡ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ವಿಚಾರಿಸಿ. ಒಂದು ಸೆಟ್ಟನ್ನು ನಾಲ್ಕಾರು ಜನ ಸೇರಿ ಕೊಂಡರೆ ಹೊರೆಯಾಗುವುದಿಲ್ಲ.

ಕ್ಲೀನರ್‌ನಿಂದ ಒರೆಸಿ, ಒಣಗಿದ ಮೇಲೆ ಕೆಂಪು ಹಚ್ಚಿ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ 10ರಿಂದ 20 ನಿಮಿಷ, ಬಿಡಿ. ನಂತರ ಒಣ ಬಟ್ಟೆ, ಆಮೇಲೆ ಕ್ಲೀನರ್ ಸ್ವಲ್ಪವೇ ತಾಗಿಸಿದ ಬಟ್ಟೆಯಿಂದ ಒರೆಸಿ. ಈ ಹಂತದಲ್ಲಿ ಕ್ಲೀನರನ್ನು ನೇರವಾಗಿ ರಿಮ್ ಮೇಲೆ ಸಿಂಪಡಿಸಿದರೆ ಬಿರುಕಿನೊಳಗಿನ ಕೆಂಪೂ ತೊಳೆದುಹೋಗುತ್ತದೆ. ಫಲಿತಾಂಶ ಸುಳ್ಳಾಗುವುದು ಹೆಚ್ಚಾಗಿ ಇಲ್ಲೇ. ಕೊನೆಗೆ ಡೆವಲಪರ್ ಅನ್ನು ತೆಳುವಾಗಿ ಹೊಡೆದು ಕೆಂಪು ಗೆರೆ ಮೂಡುವುದನ್ನು ಮೊದಲ ನಿಮಿಷದಿಂದಲೇ ಗಮನಿಸಿ. ತಡವಾಗಿ ನೋಡಿದರೆ ಬಣ್ಣ ಹರಡಿ, ಗೆರೆ ಯಾವುದು ಕಲೆ ಯಾವುದು ತಿಳಿಯುವುದಿಲ್ಲ. ಕೈಗವಸು ಹಾಕಿಕೊಳ್ಳಿ, ಗಾಳಿ ಆಡುವ ಜಾಗದಲ್ಲಿ ಮಾಡಿ. ಬಲೆ ಬಿಟ್ಟ ಕ್ರೋಮ್ ಮೇಲೆ ಎಲ್ಲೆಡೆ ಕೆಂಪು ಮೂಡುತ್ತದೆ. ಅಲ್ಲಿ ಈ ಪರೀಕ್ಷೆಯಿಂದ ಹೆಚ್ಚು ಉಪಯೋಗವಿಲ್ಲ, ಟೇಪಿನ ಕಡೆಯಿಂದ ಮಾಡಿ.

ಅಲ್ಯೂಮಿನಿಯಂ ರಿಮ್‌ನಲ್ಲಿ ಇಷ್ಟಾದರೂ ಅನುಮಾನ ಉಳಿದರೆ ಈಗ ಮಾತ್ರ ನಯವಾದ 600 ನಂಬರ್ ಎಮರಿಯಿಂದ ಆ ಒಂದು ಜಾಗ ಲಘುವಾಗಿ ಉಜ್ಜಿ, ಮತ್ತೆ ಬಣ್ಣ ಹಚ್ಚಿ. ಗೀರು ಮಾಯವಾಗುತ್ತದೆ. ಬಿರುಕು ಮತ್ತೆ ಮುಖ ತೋರಿಸುತ್ತದೆ.

ಬಡಿದು ಸದ್ದು ಕೇಳುವ ಪದ್ಧತಿಯೂ ಇದೆ. ಕಡ್ಡಿ ಬಿಚ್ಚಿದ ಉಕ್ಕಿನ ರಿಮ್ಮನ್ನು ದಾರಕ್ಕೆ ತೂಗುಹಾಕಿ ಮೆಲ್ಲಗೆ ಬಡಿದರೆ ಠಣ್ ಅಂತ ನಾದ ಉಳಿಯಬೇಕು. ದಡ್ ಅಂದರೆ ಅನುಮಾನಪಡಿ. ಆದರೆ ಪಿನ್ ಜಾಯಿಂಟ್ ಇರುವ ಅಲ್ಯೂಮಿನಿಯಂ ರಿಮ್ ಚೆನ್ನಾಗಿದ್ದರೂ ದಡ್ ಅನ್ನುತ್ತದೆ. ಸಣ್ಣ ಬಿರುಕಿನ ಉಕ್ಕೂ ಠಣ್ ಅನ್ನಬಹುದು. ಇದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ.

ಗುಜರಿ ಅಂಗಡಿಯ ಮುಂದೆ

ಅಲ್ಲಿ ಚಾಕ್, ಬಣ್ಣ ಯಾವುದೂ ನಡೆಯುವುದಿಲ್ಲ. ಜೇಬಲ್ಲಿ ಆಯಸ್ಕಾಂತ, ಭೂತಗನ್ನಡಿ, ಒದ್ದೆ ಬಟ್ಟೆ ಇರಲಿ. ಮೊಬೈಲ್ ಟಾರ್ಚ್ ಸಾಕು. ಹಳೇ ಟೇಪ್ ಸರಿಸಲು ಅನುಮತಿ ಕೇಳಿ. ಬಿಡದಿದ್ದರೆ ಗುಜರಿ ತೂಕದ ಬೆಲೆಗಿಂತ ಹೆಚ್ಚು ಕೊಡಬೇಡಿ. ಹಿಂದಿನ ರಿಮ್‌ನ ತೂತುಗಳು, ತುಟಿ, ವಾಲ್ ತೂತು, ಈ ಕ್ರಮದಲ್ಲಿ ನೋಡಿ. ಮೊಬೈಲ್‌ನಲ್ಲಿ ಹತ್ತಿರದ ಫೋಟೋ ತೆಗೆದು ಅಲ್ಲೇ ದೊಡ್ಡದು ಮಾಡಿ ನೋಡಿದರೆ ಬರಿಗಣ್ಣಿಗೆ ತಪ್ಪಿದ್ದು ಎಷ್ಟೋ ಸಲ ಸಿಗುತ್ತದೆ. ಪೂರ್ತಿ ಗಾಲಿ ಇದ್ದರೆ ತಿರುಗಿಸಿ. ಒಂದೇ ಜಾಗದಲ್ಲಿ ತಟ್ಟನೆ ಬೆಂಡ್ ಇದ್ದು, ಅಲ್ಲಿನ ಒಂದು ಕಡ್ಡಿ ಮಾತ್ರ ಸಡಿಲವಾಗಿದ್ದರೆ ಆ ತೂತಿನ ಹತ್ತಿರ ಕಣ್ಣು ಹಾಕಿ.

ಬಿರುಕು ಖಚಿತವಾದರೆ

"ಒಂದು ಟಾಕಿ ವೆಲ್ಡಿಂಗ್ ಹೊಡೆಸಿದರೆ ಆಯ್ತು" ಅನ್ನುವವರು ಸಿಗುತ್ತಾರೆ. ಬೇಡ. ಶಾಖ ಕೊಟ್ಟು ಗಟ್ಟಿಮಾಡಿದ ಅಲ್ಯೂಮಿನಿಯಂ ವೆಲ್ಡಿಂಗ್ ಶಾಖಕ್ಕೆ ಆ ಗಟ್ಟಿತನ ಕಳೆದುಕೊಳ್ಳುತ್ತದೆ. ಉಕ್ಕಿನ ತೆಳು ತಗಡು ಶಾಖಕ್ಕೆ ಸೊಟ್ಟಗಾಗುತ್ತದೆ. ಅದೂ ಅಲ್ಲದೆ ಒಂದು ತೂತು ದಣಿದು ಸೀಳಿದೆ ಅಂದರೆ ಅದರ ಪಕ್ಕದವುಗಳೂ ಅಷ್ಟೇ ದೂರ ಓಡಿವೆ. ಬಿರುಕಿನ ತುದಿಗೆ ಡ್ರಿಲ್ ಹೊಡೆದು ನಿಲ್ಲಿಸುವುದು, ಎಂ-ಸೀಲ್ ತುಂಬುವುದು, ಕಡ್ಡಿ ಸ್ವಲ್ಪ ಸಡಿಲ ಬಿಡುವುದು, ಯಾವುದೂ ರಿಮ್‌ಗೆ ಔಷಧ ಅಲ್ಲ.

28 x 1½ ಉಕ್ಕಿನ ರಿಮ್ ನಮ್ಮ ದೇಶದಲ್ಲಿ ಇನ್ನೂ ತಯಾರಾಗುತ್ತದೆ. ಹಳೆಯ ಹಬ್ ಇಟ್ಟುಕೊಂಡು, ತೂತಿನ ಲೆಕ್ಕ ಸರಿಹೊಂದುವ ಹೊಸ ರಿಮ್‌ಗೆ ಕಡ್ಡಿ ಕಟ್ಟಿಸಿದರೆ ಸೈಕಲ್‌ನ ಅಂದವೂ ಉಳಿಯುತ್ತದೆ, ಜೀವಕ್ಕೂ ಭಯವಿಲ್ಲ. ಅಪರೂಪದ ಹೆಸರಿನ ರಿಮ್ ಆಗಿದ್ದರೆ ಗೋಡೆಗೆ ತೂಗುಹಾಕಿ. ಬಿರುಕಿನ ಜಾಗಕ್ಕೆ ಕೆಂಪು ಪೇಂಟ್ ಬಳಿದು, ಓಡಿಸುವಂತಿಲ್ಲ ಅಂತ ರಿಮ್ ಮೇಲೆಯೇ ಬರೆಯಿರಿ. ಗುಜರಿಗೆ ಹಾಕುವುದಾದರೆ ಮೊದಲು ಹ್ಯಾಕ್ಸಾ ಹಿಡಿದು ಅಡ್ಡ ಕತ್ತರಿಸಿ. ಹಾಗೇ ಬಿಟ್ಟರೆ ಯಾರೋ ಅದಕ್ಕೆ ಸಿಲ್ವರ್ ಪೇಂಟ್ ಬಳಿದು ಇನ್ನೊಬ್ಬರ ಸೈಕಲ್‌ಗೆ ಹಾಕುತ್ತಾರೆ.